ಕೆಮ್ಮಿನ ಸೀಸೆಗಳು

ಕೊರಟಗೆರೆ ಕಡೆ ನಮ್ಮ ಅಜ್ಜಿಯ ಊರು. ಅವಳ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಗೂಡಿನಲ್ಲಿ, ಕಂದು ಬಣ್ಣದ ಏಳು ಸೀಸೆಗಳಿವೆ. ಒಂದರಲ್ಲಿ ಹರಳೆಣ್ಣೆ, ಇನ್ನೊಂದರಲ್ಲಿ ಹೊಂಗೆ ಎಣ್ಣೆ, ಉಳಿದವುಗಳಲ್ಲಿ ಬೂದಿ ಬೆರೆಸಿಟ್ಟ ಹೀರೆ, ಸೋರೆ, ಬದನೆಯ ಬೀಜ. ಮೇಲಿನ ಚೀಟಿಗಳನ್ನು ಅಜ್ಜಿ ನೀರಿನಲ್ಲಿ ನೆನೆಸಿ ಉಜ್ಜಿ ತೆಗೆದಿದ್ದಾಳೆ. ಎರಡು ಸೀಸೆಗಳ ಮೇಲೆ ಮಾತ್ರ ಹಠ ಹಿಡಿದ ಅಂಟು ಉಳಿದು, ಅದರ ಮೇಲೆ ಒಲೆಯ ಮಸಿ ಕೂತಿದೆ. ಏಳೂ ಕೆಮ್ಮಿನ ಔಷಧದ ಸೀಸೆಗಳು. 2018ರಲ್ಲಿ ನಮ್ಮ ಸೋದರಮಾವ ಒಂದಾದ ಮೇಲೊಂದರಂತೆ ಕುಡಿದು ಖಾಲಿ ಮಾಡಿದವು.

ಮಾವ ತುಮಕೂರಿನ ಮಾರುಕಟ್ಟೆಯಲ್ಲಿ ಹಮಾಲಿ. ಬೆಳಗಿನ ಜಾವದ ಮೊದಲ ಬಸ್ಸಿಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಬರುವವನು. ಆ ವರ್ಷ ಯುಗಾದಿ ಕಳೆದ ಮೇಲೆ ಕೆಮ್ಮು ಹಿಡಿಯಿತು. ಮೆಣಸಿನಕಾಯಿ ಮೂಟೆಯ ಘಾಟು ಎಂದುಕೊಂಡ. ಕ್ಲಿನಿಕ್ಕಿಗೆ ಹೋದ, ಸೀಸೆ ಬಂತು. ಇನ್ನೊಂದು ಕಡೆ ಹೋದ, ಅಲ್ಲಿಯೂ ಸೀಸೆ. ಶ್ರಾವಣದ ಹೊತ್ತಿಗೆ ಅವನ ಅಂಗಿ ಗೂಟಕ್ಕೆ ಹಾಕಿದಂತೆ ಕಾಣುತ್ತಿತ್ತು. ಕೊನೆಗೆ ಯಾರೋ ಕಫ ಪರೀಕ್ಷೆಗೆ ಬರೆದುಕೊಟ್ಟರು. ಕ್ಷಯ.

ಮಾವನ ಕಾಯಿಲೆಯೇ ನನ್ನನ್ನು ಸಾರ್ವಜನಿಕ ಆರೋಗ್ಯದ ಓದಿಗೆ ಕರೆತಂದಿತು ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ನಿಜವಲ್ಲ. ಕರೆತಂದದ್ದು ನೀಟ್ ಪರೀಕ್ಷೆಯಲ್ಲಿ ನನಗೆ ಬಂದ ಅಂಕ. ಆ ಅಂಕಕ್ಕೆ ವೈದ್ಯಕೀಯ ಸೀಟು ಕನಸಿನಲ್ಲಿಯೂ ಸಿಗುತ್ತಿರಲಿಲ್ಲ, ನರ್ಸಿಂಗ್‌ಗೆ ಅಪ್ಪ ಒಪ್ಪಲಿಲ್ಲ, ಬಿ.ಎಸ್ಸಿ.ಗೆ ನಾನು ಒಪ್ಪಲಿಲ್ಲ. ಬೆಂಗಳೂರಿನ ಕಾಲೇಜೊಂದರ ಪಟ್ಟಿಯಲ್ಲಿ ಕೊನೆಯ ಸಾಲಿನಲ್ಲಿ ಈ ಪದವಿಯ ಹೆಸರಿತ್ತು. ಶುಲ್ಕ ಕಡಿಮೆ, ಸೀಟು ಖಾಲಿ. 2019ರಲ್ಲಿ ಸೇರಿದೆ. ತರಗತಿಯಲ್ಲಿದ್ದ ಇಪ್ಪತ್ತೆರಡು ಮಂದಿಯಲ್ಲಿ ಹೆಚ್ಚುಕಡಿಮೆ ಎಲ್ಲರದೂ ಇದೇ ಕಥೆ. ಮೊದಲ ಆಯ್ಕೆಯಾಗಿ ಇದನ್ನು ಬರೆದು ಬಂದವಳು ಒಬ್ಬಳೇ. ಅವಳನ್ನು ನಾವೆಲ್ಲ ಮೊದಲ ವಾರ ಅನುಮಾನದಿಂದಲೇ ನೋಡಿದೆವು.

ಆ ವರ್ಷದ ದಸರಾ ರಜೆಯಲ್ಲಿ ಮನೆಯ ಜಗಲಿಯ ಮೇಲೆ ನಡೆದ ವಿಚಾರಣೆ ಹೀಗಿತ್ತು.

"ಓದು ಮುಗಿದ ಮೇಲೆ ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಳ್ಳಬಹುದೇ?" ದೊಡ್ಡಪ್ಪ ಕೇಳಿದರು.

"ಇಲ್ಲ ದೊಡ್ಡಪ್ಪ."

"ಇಂಜೆಕ್ಷನ್ ಕೊಡುವುದಕ್ಕೆ ಬರುತ್ತದೆಯೇ?"

"ಅದೂ ಇಲ್ಲ."

"ಮತ್ತೇನು ಕಲಿಸುತ್ತಾರಮ್ಮ ನಿಮಗೆ?"

"ಜನರಿಗೆ ಕಾಯಿಲೆಯೇ ಬರದ ಹಾಗೆ ನೋಡಿಕೊಳ್ಳುವುದು."

ದೊಡ್ಡಪ್ಪ ಎಲೆಗೆ ಸುಣ್ಣ ಸವರುತ್ತ ಸ್ವಲ್ಪ ಯೋಚಿಸಿದರು. "ಕಾಯಿಲೆ ಬರದಿದ್ದರೆ ನಿನಗೆ ಸಂಬಳ ಕೊಡುವವರು ಯಾರು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆರೋಗ್ಯ ಅರ್ಥಶಾಸ್ತ್ರವೆಂಬ ಪತ್ರಿಕೆಯನ್ನು ಒಂದು ಸೆಮಿಸ್ಟರ್ ಪೂರ್ತಿ ಓದಿದ ಮೇಲೆ, ಆ ವಿಷಯದ ಮುಖ್ಯ ಪ್ರಶ್ನೆಯನ್ನು ನಮ್ಮ ದೊಡ್ಡಪ್ಪ ಜಗಲಿಯ ಮೇಲೆಯೇ ಕೇಳಿ ಮುಗಿಸಿದ್ದರೆಂದು ತಿಳಿಯಿತು. ಬಂದ ಕಾಯಿಲೆಯನ್ನು ವಾಸಿಮಾಡಿದರೆ ಕೈಮುಗಿಯುವವರಿದ್ದಾರೆ, ಬಿಲ್ ಕಟ್ಟುವವರಿದ್ದಾರೆ. ಬಾರದೇ ಹೋದ ಕಾಯಿಲೆ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಲೆಕ್ಕವೆಂದೆನಲ್ಲ, ಈ ಓದಿನಲ್ಲಿ ಅರ್ಧಕ್ಕರ್ಧ ಲೆಕ್ಕವೇ. ಕನ್ನಡ ಮಾಧ್ಯಮದಿಂದ ಹೋದ ನನಗೆ ಮೊದಲ ಆರು ತಿಂಗಳು ಹೆದರಿಕೆ ಹುಟ್ಟಿಸಿದ್ದು ರೋಗಗಳ ಹೆಸರುಗಳಲ್ಲ, ಎಪಿಡೆಮಿಯಾಲಜಿ ಎಂಬ ಪದ. ಯಾವ ರೋಗ ಯಾರಿಗೆ, ಎಲ್ಲಿ, ಎಷ್ಟು ಬರುತ್ತದೆ, ಏಕೆ ಬರುತ್ತದೆ ಎಂದು ಲೆಕ್ಕ ಹಾಕುವ ಶಾಸ್ತ್ರ ಅದು. ಆ ಪದವನ್ನು ನಾಲಗೆಗೆ ಹೊಂದಿಸಿಕೊಳ್ಳುವ ಮೊದಲೇ ಅದರ ಕಿರುಪರೀಕ್ಷೆ ಬಂದಿತ್ತು. ದಾರಿ ತೋರಿಸಿದವರು ಸಂಖ್ಯಾಶಾಸ್ತ್ರದ ಮೇಷ್ಟ್ರು. ಒಂದು ಊರಿನಲ್ಲಿ ಹತ್ತು ಜನರಿಗೆ ಡೆಂಗಿ, ಇನ್ನೊಂದರಲ್ಲಿ ನಾಲ್ಕು ಜನರಿಗೆ. ಮೊದಲು ಯಾವ ಊರಿಗೆ ಓಡುತ್ತೀರಿ ಎಂದು ಕೇಳಿದರು. ಹತ್ತರ ಊರಿಗೆ ಎಂದು ತರಗತಿಯೆಲ್ಲ ಕೂಗಿತು. ಹತ್ತರ ಊರಿನಲ್ಲಿ ಐದು ಸಾವಿರ ಜನ, ನಾಲ್ಕರ ಊರಿನಲ್ಲಿ ಮುನ್ನೂರು ಜನ ಎಂದು ಅವರು ಬೋರ್ಡಿನ ಮೇಲೆ ಬರೆದರು. ಸಾವಿರಕ್ಕೆ ಎರಡು ಒಂದು ಕಡೆ, ಸಾವಿರಕ್ಕೆ ಹದಿಮೂರಕ್ಕಿಂತ ಹೆಚ್ಚು ಇನ್ನೊಂದು ಕಡೆ.

ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಪ್ರೈಮರಿ ಶಾಲೆಯ ಪದಗಳಲ್ಲಿ ಬರೆದುಕೊಂಡೆ: ಅಂಶ ಆಸ್ಪತ್ರೆಗೆ ಬರುತ್ತದೆ, ಛೇದ ಊರಿನಲ್ಲಿಯೇ ಉಳಿಯುತ್ತದೆ. ಭಿನ್ನರಾಶಿಯಲ್ಲಿ ಗೆರೆಯ ಕೆಳಗೆ ಕುಳಿತ ಆ ಸಂಖ್ಯೆಯನ್ನು ಹುಡುಕಿಕೊಂಡು ಹೋಗುವವರಿಗೇ ಈ ಪದವಿ ಕೊಡುತ್ತಾರೆ ಎಂದು ಅಂದಿನಿಂದ ನಾನು ಅರ್ಥಮಾಡಿಕೊಂಡಿದ್ದೇನೆ.

ಇನ್ನೊಂದು ಕಗ್ಗಂಟು, ಒಂದು ವರ್ಷದಲ್ಲಿ ಹೊಸದಾಗಿ ಬಂದ ರೋಗಿಗಳ ಲೆಕ್ಕಕ್ಕೂ ಒಂದು ದಿನ ಊರಿನಲ್ಲಿ ಇರುವ ಒಟ್ಟು ರೋಗಿಗಳ ಲೆಕ್ಕಕ್ಕೂ ಇರುವ ವ್ಯತ್ಯಾಸ. ಪುಸ್ತಕದಲ್ಲಿ ಅದಕ್ಕೆ ಸ್ನಾನದ ತೊಟ್ಟಿಯ ಚಿತ್ರವಿತ್ತು. ನಲ್ಲಿಯಿಂದ ನೀರು ಬರುತ್ತದೆ, ತೊಟ್ಟಿಯಲ್ಲಿ ನಿಲ್ಲುತ್ತದೆ, ಕೆಳಗಿನ ತೂತಿನಿಂದ ಹೋಗುತ್ತದೆ. ಮಲಗಿ ಸ್ನಾನ ಮಾಡುವ ತೊಟ್ಟಿಯನ್ನು ನಮ್ಮ ತರಗತಿಯಲ್ಲಿ ಯಾರೂ ಕಂಡವರಲ್ಲ. ನಾನು ಅದನ್ನು ಹೊಡೆದುಹಾಕಿ ಕೆರೆ ಬರೆದೆ. ಹಳ್ಳದಿಂದ ಬರುವ ನೀರು ಹೊಸ ರೋಗಿಗಳು. ಕೆರೆಯಲ್ಲಿ ನಿಂತ ನೀರು ಇರುವ ರೋಗಿಗಳು. ತೂಬು ತೆಗೆದರೆ ಗುಣವಾಗಿ ಹೋದವರು, ಕೋಡಿ ಬಿದ್ದರೆ ಸತ್ತವರು. ಕೆರೆ ತುಂಬಿದೆ ಎಂದ ಮಾತ್ರಕ್ಕೆ ಮಳೆ ಜೋರಾಗಿದೆ ಎಂದಲ್ಲ, ತೂಬು ಕಟ್ಟಿಕೊಂಡಿರಬಹುದು. ಪರೀಕ್ಷೆಯಲ್ಲಿಯೂ ಕೆರೆಯನ್ನೇ ಬರೆದೆ. ಅಂಕ ಕೊಟ್ಟರು.

1854ರ ಲಂಡನ್ನಿನ ಕಾಲರಾ, ಬ್ರಾಡ್ ಸ್ಟ್ರೀಟಿನ ಪಂಪು, ರೋಗ ಹರಡುತ್ತಿರುವುದು ಅದರ ನೀರಿನಿಂದಲೇ ಎಂದು ತೋರಿಸಿ ಹಿಡಿಕೆ ತೆಗೆಸಿದ ವೈದ್ಯ ಜಾನ್ ಸ್ನೋ: ಈ ವಿಷಯವನ್ನು ಎಲ್ಲಿ ಓದಿದರೂ ಮೊದಲ ಪಾಠ ಇದೇ. ಒಳ್ಳೆಯ ಕಥೆ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಪ್ಲೇಗಿನ ಪಾಠ, ಏಕೆಂದರೆ ಅದರ ಅರ್ಧ ಭಾಗ ನನಗೆ ಆಗಲೇ ಗೊತ್ತಿತ್ತು. "ಇಲಿ ಬಿದ್ದರೆ ಊರು ಬಿಡಬೇಕು" ಎಂದು ಅಜ್ಜಿಯ ತಾಯಿ ಹೇಳುತ್ತಿದ್ದಳಂತೆ. ಅಟ್ಟದಿಂದ ಸತ್ತ ಇಲಿಗಳು ಉದುರಲು ಶುರುವಾದರೆ ಪಾತ್ರೆಪಗಡ ಕಟ್ಟಿಕೊಂಡು ಹೊಲದಲ್ಲಿ ಜೋಪಡಿ ಹಾಕುವುದು, ಊರಿಗೆ ಮುಳ್ಳು ಬಡಿಯುವುದು, ತಿಂಗಳುಗಟ್ಟಲೆ ಆ ಕಡೆ ತಲೆಹಾಕದಿರುವುದು. ಪ್ಲೇಗು ಬೆಂಗಳೂರಿಗೆ ಕಾಲಿಟ್ಟದ್ದು 1898ರಲ್ಲಿ. ಇಲಿಯಿಂದ ಮನುಷ್ಯನಿಗೆ ರೋಗವನ್ನು ದಾಟಿಸುವುದು ಚಿಗಟ ಎಂದು ಪಾಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿಕೊಟ್ಟದ್ದೂ ಅದೇ ವರ್ಷ. ಸತ್ತ ಇಲಿಯ ಮೈ ತಣ್ಣಗಾದ ಕೂಡಲೇ ಚಿಗಟಗಳು ಬೆಚ್ಚಗಿನ ಮೈ ಹುಡುಕಿಕೊಂಡು ಹೊರಡುತ್ತವೆ. ಅಂದರೆ ಇಲಿ ಬಿದ್ದ ಮೇಲೆ ಮನುಷ್ಯ ಬೀಳುವುದಕ್ಕೆ ನಡುವೆ ಕೆಲವು ದಿನಗಳಿರುತ್ತವೆ. ಆ ಕೆಲವು ದಿನಗಳಲ್ಲಿ ಊರು ಬಿಟ್ಟವರು ಉಳಿದರು. ಸಿಮೋನರ ಹೆಸರು ಕೇಳದ ಮುತ್ತಜ್ಜಿಗೆ ಆ ಅಂತರ ಗೊತ್ತಿತ್ತು. ನಮ್ಮ ಪುಸ್ತಕ ಅದನ್ನು ರೋಗ ಕಣ್ಗಾವಲು ಎಂದು ಕರೆಯುತ್ತದೆ. ಅಂದಹಾಗೆ 1994ರಲ್ಲಿ ಸೂರತ್ತಿನ ಗಲಾಟೆಯಾಗುವ ಮೊದಲು ದೇಶದಲ್ಲಿ ಮನುಷ್ಯರಿಗೆ ಪ್ಲೇಗ್ ಖಚಿತವಾದ ಕೊನೆಯ ದಾಖಲೆ 1966ರದು, ನಮ್ಮದೇ ರಾಜ್ಯದ ಕೋಲಾರ ಜಿಲ್ಲೆಯ ಮುಳಬಾಗಿಲಿನದು.

ಮೊದಲ ವರ್ಷ ಮುಗಿಯುವ ಮೊದಲೇ ಪಾಠ ಪುಸ್ತಕದಿಂದ ಹೊರಗೆ ಬಂತು. 2020ರ ಮಾರ್ಚಿನಲ್ಲಿ ಹಾಸ್ಟೆಲ್ ಖಾಲಿ ಮಾಡಿಸಿದರು. ನಮ್ಮ ಊರಿನಲ್ಲಿ ಮೊಬೈಲ್ ಸಿಗ್ನಲ್ ಸಿಗದ ಕಾರಣ ನನ್ನನ್ನು ಅಜ್ಜಿಯ ಮನೆಗೆ ಕಳುಹಿಸಿದರು. ಅಲ್ಲಿಯೂ ತಾರಸಿಯ ಈಶಾನ್ಯ ಮೂಲೆಯಲ್ಲಿ ಮಾತ್ರ ಸಿಗ್ನಲ್. ಅಲ್ಲಿ ಕೊಡೆ ಹಿಡಿದು ಕುಳಿತು ತರಗತಿ ಕೇಳುತ್ತಿದ್ದೆ. ಅಲ್ಲಿಯವರೆಗೆ ನಾನು ಏನು ಓದುತ್ತಿದ್ದೇನೆಂದು ನೆನಪಿಟ್ಟುಕೊಳ್ಳದ ಬಂಧುಗಳೆಲ್ಲ ಫೋನ್ ಮಾಡತೊಡಗಿದರು. ತರಕಾರಿಯನ್ನು ಸೋಪಿನಲ್ಲಿ ತೊಳೆಯಬೇಕೇ, ದಿನಪತ್ರಿಕೆ ಮುಟ್ಟಬಹುದೇ, ಕಷಾಯಕ್ಕೆ ಎಷ್ಟು ಮೆಣಸು. ದೊಡ್ಡಪ್ಪ ಮಾತ್ರ, "ಈಗ ನಿನಗೆ ಸಂಬಳ ಕೊಡುತ್ತಾರೆ ಬಿಡು" ಎಂದರು. ಒಂದು ಸೆಮಿಸ್ಟರ್ ಓದಿದ ಹುಡುಗಿಗೆ ಇದ್ದಕ್ಕಿದ್ದಂತೆ ಸಿಕ್ಕ ಆ ಗೌರವದಿಂದ ನಾನು ಸ್ವಲ್ಪ ಉಬ್ಬಿದ್ದೂ ನಿಜ. ಗೊತ್ತಿಲ್ಲದ್ದಕ್ಕೂ ಉತ್ತರ ಕೊಟ್ಟಿದ್ದೇನೆ. ಅವುಗಳಲ್ಲಿ ಎರಡನ್ನಾದರೂ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆ ತಾರಸಿಯ ಮೇಲೆಯೇ ಒಂದು ದಿನ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮಗಳ ಪಾಠ ನಡೆಯುತ್ತಿತ್ತು. ಧ್ವನಿ ಕಡಿದು ಕಡಿದು ಬರುತ್ತಿತ್ತು. ನಿದ್ದೆ ಬರುವಂತಹ ಪಾಠ, ಇಸವಿಗಳ ಸಾಲು. ನಡುವೆ ಮೇಡಂ "ತುಮಕೂರು" ಎಂದರು. ಕೊಡೆ ಕೆಳಗಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡೆ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. ಅದು ಮಾಡಿದ ಮೊದಮೊದಲ ದೊಡ್ಡ ಕೆಲಸಗಳಲ್ಲಿ ಒಂದು, 1960–61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಕ್ಷಯದ ಸಮೀಕ್ಷೆ. ಎಕ್ಸ್‌ರೇ ತೆಗೆದರು, ಕಫ ಪರೀಕ್ಷಿಸಿದರು. ಆಗ ಪಂಡಿತರಲ್ಲಿ ಇದ್ದ ನಂಬಿಕೆಯೆಂದರೆ, ಹಳ್ಳಿಯ ಜನರಿಗೆ ಕಾಯಿಲೆಯ ಅರಿವಿಲ್ಲ, ಅವರಾಗಿ ಬರುವುದಿಲ್ಲ, ಎಕ್ಸ್‌ರೇ ವಾಹನ ತೆಗೆದುಕೊಂಡು ನಾವೇ ಮನೆಮನೆಗೆ ಹೋಗಿ ಹಿಡಿಯಬೇಕು ಎಂಬುದು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು, ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳ ಮನೆಗೇ ಹೋಗಿ ಕುಳಿತು ಮಾತನಾಡಿಸುವ ಏರ್ಪಾಡು ಮಾಡಿದರು. ನಿಮಗೆ ಏನಾಗುತ್ತಿದೆ, ಯಾವಾಗಿನಿಂದ, ಏನು ಮಾಡಿದಿರಿ ಎಂದು. ಬಂದ ಉತ್ತರ ನಂಬಿಕೆಯನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹುಪಾಲು ಮಂದಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಅದಾಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅಲ್ಲಿ ಅವರ ಕಫವನ್ನು ಯಾರೂ ನೋಡಿರಲಿಲ್ಲ. ಕೆಮ್ಮಿನ ಔಷಧದ ಸೀಸೆ ಕೊಟ್ಟು ಕಳುಹಿಸಿದ್ದರು.

1963ರಲ್ಲಿ ಇದು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಕ್ಷಯದ ಪರೀಕ್ಷೆ ಮತ್ತು ಚಿಕಿತ್ಸೆಯನ್ನು ಬೇರೆಯಾಗಿ ಇಡದೆ, ಜನ ಹೇಗೂ ಬಂದು ನಿಲ್ಲುವ ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಮಾಡಬೇಕೆಂಬ 1962ರ ರಾಷ್ಟ್ರೀಯ ಕಾರ್ಯಕ್ರಮದ ಬೆನ್ನಿಗಿದ್ದದ್ದು ಈ ತಿಳಿವಳಿಕೆಯೇ ಎಂದು ಮೇಡಂ ಹೇಳುತ್ತಿದ್ದಾಗ ಸಿಗ್ನಲ್ ಹೋಯಿತು.

ಕೆಳಗಿಳಿದು ಅಡುಗೆಮನೆಗೆ ಹೋದೆ. ಅಜ್ಜಿ ಹೀರೆ ಬೀಜದ ಸೀಸೆಯನ್ನು ಅಂಗೈಗೆ ಬಗ್ಗಿಸಿ ತಟ್ಟುತ್ತಿದ್ದಳು. ಸುಮಾರು ಅರವತ್ತು ವರ್ಷಗಳ ಹಿಂದೆ, ಇದೇ ಜಿಲ್ಲೆಯಲ್ಲಿ, ಇದೇ ಸೀಸೆ. ಆವತ್ತಿನ ಸಮೀಕ್ಷೆಯವರು ನಮ್ಮ ಅಜ್ಜಿಯ ಊರಿಗೂ ಬಂದಿದ್ದರೇ ಎಂದು ಕೇಳಿದೆ. "ಯಾರು ಯಾರೋ ಬರುತ್ತಾರೆ, ಬರೆದುಕೊಂಡು ಹೋಗುತ್ತಾರೆ" ಎಂದಳು. ಆಮೇಲೆ ಎಷ್ಟೋ ಹಳ್ಳಿಗಳಲ್ಲಿ ಪ್ರಶ್ನಾವಳಿ ಹಿಡಿದು ಅಲೆಯುವಾಗ ಈ ಮಾತು ನನ್ನ ಬೆನ್ನ ಹಿಂದೆಯೇ ನಡೆದು ಬಂದಿದೆ.

ಕ್ಷೇತ್ರಕಾರ್ಯ ಶುರುವಾದದ್ದು ಮುಂದಿನ ವರ್ಷ, ಪಾವಗಡದಲ್ಲಿ. ಮೂರು ಕಡೆ ಆಂಧ್ರ ಸುತ್ತುವರಿದ, ಮಳೆ ಮರೆತ ತಾಲ್ಲೂಕು. ಕಡಲೆಕಾಯಿ ಹೊಲ, ಬಂಡೆ, ಈಚೆಗೆ ತಿರುಮಣಿಯ ಸೋಲಾರ್ ಹಲಗೆಗಳ ಕರಿಯ ಸಮುದ್ರ. ಕೊಳವೆಬಾವಿ ಆಳಕ್ಕೆ ಹೋದಷ್ಟೂ ನೀರು ಬಂಡೆಯ ಒಡನಾಟದಲ್ಲಿ ಹೆಚ್ಚು ಕಾಲ ಕಳೆದಿರುತ್ತದೆ, ಬಂಡೆಯಲ್ಲಿನ ಫ್ಲೋರೈಡ್ ಕರಗಿ ನೀರಿಗೆ ಸೇರಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ತಡೆದುಕೊಳ್ಳಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ. ಪ್ರಮಾಣ ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ, ಕೂತವರು ಏಳಲಾರರು.

ಶಾಲೆಯೊಂದರಲ್ಲಿ ಮಕ್ಕಳ ಹಲ್ಲು ನೋಡಿ, ಡೀನ್ ಎಂಬ ಅಮೆರಿಕದ ದಂತವೈದ್ಯ ಮಾಡಿಟ್ಟ ಸೂಚ್ಯಂಕದ ಪ್ರಕಾರ ಗುರುತು ಹಾಕುವುದು ನನ್ನ ಕೆಲಸ. ಮೂರನೆಯ ತರಗತಿಯ ಹುಡುಗನೊಬ್ಬ ಬಾಯಿ ತೆರೆದವನು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದ. "ಅಕ್ಕ, ನಿಮ್ಮ ಹಲ್ಲು ಯಾಕೆ ಹಾಗಿದೆ?" ಎಂದ. "ಹೇಗಿದೆ?" ಎಂದೆ. "ಸುಣ್ಣ ಹೊಡೆದ ಹಾಗೆ." ಅವನ ಸುತ್ತ ಕುಳಿತ ಎಲ್ಲರ ಹಲ್ಲೂ ಒಂದೇ ಬಣ್ಣ. ಆ ಕೋಣೆಯಲ್ಲಿ ಏನೋ ಆಗಿರುವವಳು ನಾನೊಬ್ಬಳೇ.

ಅದೇ ಊರಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ "ನೀರನ್ನು ಕುದಿಸಿ ಆರಿಸಿ ಕುಡಿಯಿರಿ" ಎಂದು ಬರೆದಿತ್ತು. ಹುಡುಗಿಯರಾದ ನಾವು ಆ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡೆವು. ಸಂಜೆ ಮೇಷ್ಟ್ರು ಕೇಳಿದ ಮೇಲೆಯೇ ನಮಗೆ ಹೊಳೆದದ್ದು: ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾಗಿ ಹೋದಷ್ಟು ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಭೇದಿಗೆ ಸರಿಯಾದ ಉಪದೇಶ ಇಲ್ಲಿ ಅರ್ಧ ತಪ್ಪು. ಅಲ್ಲಿನ ಆಶಾ ಕಾರ್ಯಕರ್ತೆಗೆ ಇದು ಗೊತ್ತಿತ್ತು. "ಗೋಡೆಗೆ ಬರೆಯುವವರು ನನ್ನನ್ನು ಕೇಳಿ ಬರೆಯುತ್ತಾರೆಯೇ?" ಎಂದರು.

ಹಳ್ಳಿಯವರು ನೀರನ್ನು ಪರೀಕ್ಷಿಸುವ ಕ್ರಮವೂ ಬೇರೆ. ಬೇಳೆ ಬೇಗ ಬೆಂದರೆ ಒಳ್ಳೆಯ ನೀರು, ಬೇಯದಿದ್ದರೆ ಗಡಸು. ಫ್ಲೋರೈಡ್‌ಗೆ ರುಚಿಯಿಲ್ಲ, ವಾಸನೆಯಿಲ್ಲ. ಅದು ಹೆಚ್ಚಿರುವ ಎಷ್ಟೋ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ ಇರುವುದರಿಂದ ಬೇಳೆ ಚೆನ್ನಾಗಿಯೇ ಬೇಯುತ್ತದೆ. ನಾಲಗೆಯೂ ಪಾತ್ರೆಯೂ ಪಾಸು ಮಾಡಿದ ನೀರನ್ನು ನಮ್ಮ ಕಿಟ್ಟಿನ ಗುಲಾಬಿ ದ್ರಾವಣ ಹಳದಿಗೆ ತಿರುಗಿ ಫೇಲು ಮಾಡುತ್ತಿತ್ತು. ಜನ ಯಾವುದನ್ನು ನಂಬಬೇಕು? ನಾನಾಗಿದ್ದರೆ ಬೇಳೆಯನ್ನೇ ನಂಬುತ್ತಿದ್ದೆ.

ಶುದ್ಧ ನೀರಿನ ಘಟಕ ಆ ಊರಿನಲ್ಲಿತ್ತು. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್. ನಮ್ಮ ನಮೂನೆಯಲ್ಲಿ "ಕುಡಿಯುವ ನೀರಿನ ಮೂಲ" ಎಂಬ ಪ್ರಶ್ನೆಗೆ ಎಲ್ಲರೂ ಘಟಕವೆಂದೇ ಹೇಳಿದರು, ನಾವು ಟಿಕ್ ಹಾಕಿಕೊಂಡೆವು. ಮಧ್ಯಾಹ್ನ ಒಬ್ಬರ ಮನೆಯಲ್ಲಿ ಊಟಕ್ಕೆ ಕರೆದರು. ಮುದ್ದೆಗೆ ಎಸರಿಟ್ಟದ್ದು ಕೊಳವೆಬಾವಿಯ ನೀರು, ಸಾರಿಗೂ ಅದೇ. ಕ್ಯಾನಿನ ನೀರು ಲೋಟಕ್ಕೆ ಮಾತ್ರ. ದಿನಕ್ಕೆ ಎರಡು ಹೊತ್ತು ಮುದ್ದೆ ಉಣ್ಣುವ ಮನೆಯಲ್ಲಿ ಹೊಟ್ಟೆಗೆ ಹೋಗುವ ನೀರಿನ ಬಹುಭಾಗ ತಟ್ಟೆಯಿಂದಲೇ ಹೋಗುತ್ತದೆ. ಆ ನಮೂನೆ ತಯಾರಿಸಿದವರು ಮುದ್ದೆ ಉಂಡವರಲ್ಲ. ತಿರುಗಿ ಬಂದು ಎಲ್ಲ ಮನೆಗಳನ್ನೂ ಮತ್ತೆ ಕೇಳಿದೆವು. ಒಂದು ದಿನದ ಕೆಲಸ ಮೂರು ದಿನವಾಯಿತು, ಹಾಸ್ಟೆಲಿನ ಊಟ ತಪ್ಪಿತು, ಬೈಗುಳ ಸಿಕ್ಕಿತು. ಮೂರು ವರ್ಷದ ಓದಿನಲ್ಲಿ ನಾನು ಹೆಮ್ಮೆಪಡುವ ಕೆಲಸವೆಂದರೆ ಅದೊಂದೇ. ಈಗ ತುಂಗಭದ್ರೆಯ ಹಿನ್ನೀರನ್ನು ಕೊಳವೆಯಲ್ಲಿ ಪಾವಗಡಕ್ಕೆ ಹರಿಸುವ ಯೋಜನೆ ಬಂದಿದೆ. ನೀರು ಎಸರಿನ ಪಾತ್ರೆಯವರೆಗೂ ತಲುಪಿದರೆ ಮುಂದಿನ ತಲೆಮಾರಿನ ಹಲ್ಲು ಹೇಳುತ್ತದೆ.

ಸೊಳ್ಳೆಯ ವಿಷಯ ಬಹಳ ಓದಿದೆವು, ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಒಂದನ್ನು ಮಾತ್ರ ಬಿಡಲಾರೆ. ರೇಷ್ಮೆ ಸಾಕುವ ಮನೆಗಳಲ್ಲಿ ಮಲೇರಿಯಾದ ಔಷಧಿ ಸಿಂಪಡಿಸಲು ಜನ ಬಿಡುತ್ತಿರಲಿಲ್ಲ. ವರದಿಗಳಲ್ಲಿ ಇದು "ಸಹಕಾರದ ಕೊರತೆ". ಗೋಡೆಗೆ ಹೊಡೆದ ವಿಷಕ್ಕೆ ಮೊದಲು ಸಾಯುವುದು ತಟ್ಟೆಯಲ್ಲಿರುವ ಹುಳು, ಆಮೇಲೆ ಸೊಳ್ಳೆ. ಬೆಳೆ ಹೋದರೆ ಸಾಲ ತೀರಿಸುವವರು ಯಾರು? ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಸುತ್ತಲಿನ ಹಳ್ಳಿಗಳಲ್ಲಿ ಸಂಶೋಧಕರು ಸಿಂಪಡಣೆಯ ಹಟ ಬಿಟ್ಟು ಬಾವಿಗಳಿಗೆ ಗಪ್ಪಿ ಮೀನು ಬಿಟ್ಟರು. ಮೀನು ಸೊಳ್ಳೆಯ ಮರಿಗಳನ್ನು ತಿಂದವು, ಮಲೇರಿಯಾ ಇಳಿಯಿತು, ಹುಳುಗಳು ಗೂಡು ಕಟ್ಟಿದವು. ಅಸಹಕಾರವೆಂದು ಬರೆದವರು ಕಾರಣವನ್ನು ಕೇಳಿದ್ದರೆ ಮೀನು ಇನ್ನೂ ಬೇಗ ಬಾವಿಗೆ ಇಳಿಯುತ್ತಿತ್ತೇನೋ.

ಕೊನೆಯ ವರ್ಷ ನಮ್ಮ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡು ತಿಂಗಳ ಇಂಟರ್ನ್‌ಷಿಪ್. ಮಾವನ ಸೀಸೆಗಳ ಮೇಲಿನ ಸಿಟ್ಟು ಒಳಗೆ ಇದ್ದೇ ಇತ್ತು. ಚೀಟಿ ಕೊಡುವ ಕಿಟಕಿಯ ಪಕ್ಕ ಸ್ಟೂಲು ಹಾಕಿಕೊಂಡು, ಎರಡು ವಾರಕ್ಕಿಂತ ಹೆಚ್ಚು ದಿನ ಕೆಮ್ಮಿರುವ ಪ್ರತಿಯೊಬ್ಬರನ್ನೂ ಬರೆದುಕೊಳ್ಳುತ್ತೇನೆ, ಎಷ್ಟು ಮಂದಿಯ ಕಫ ಪರೀಕ್ಷೆಗೆ ಹೋಯಿತು ನೋಡುತ್ತೇನೆ, ವರದಿಯಲ್ಲಿ ತೊಳೆದುಬಿಡುತ್ತೇನೆ ಎಂದುಕೊಂಡಿದ್ದೆ.

ಮೊದಲ ಸೋಮವಾರ 112 ಚೀಟಿ. ಹತ್ತೂವರೆಯಿಂದ ಒಂದೂವರೆಯವರೆಗೆ ಒಬ್ಬರೇ ವೈದ್ಯರು. ಭಾಗಿಸಿ ನೋಡಿದೆ, ಒಬ್ಬರಿಗೆ ಒಂದೂವರೆ ನಿಮಿಷದ ಮೇಲೆ ಚೂರು. ಬಯಲುಸೀಮೆಯಲ್ಲಿ ಮೂವತ್ತು ಸಾವಿರ ಜನರಿಗೆ ಇಂತಹ ಒಂದು ಕೇಂದ್ರ ಎಂಬುದು ನಿಯಮ. ಸ್ವಾತಂತ್ರ್ಯಕ್ಕೆ ಮುಂಚೆ, 1946ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ವರದಿ ಕೊಟ್ಟ ಭೋರ್ ಸಮಿತಿ ದೂರದ ಗುರಿಯಾಗಿ ಹತ್ತರಿಂದ ಇಪ್ಪತ್ತು ಸಾವಿರ ಜನರಿಗೆ ಎಪ್ಪತ್ತೈದು ಹಾಸಿಗೆಯ ಒಂದು ಘಟಕ ಬೇಕೆಂದಿತ್ತು. ನಮ್ಮ ಕೇಂದ್ರದಲ್ಲಿ ಆರು ಹಾಸಿಗೆಗಳಿದ್ದವು. ಒಂದರ ಮೇಲೆ ಲಸಿಕೆಯ ಪೆಟ್ಟಿಗೆ ಇಡುತ್ತಿದ್ದರು.

ಆ ಒಂದೂವರೆ ನಿಮಿಷದಲ್ಲಿ ವೈದ್ಯರು "ಎಷ್ಟು ದಿನದಿಂದ ಕೆಮ್ಮು?" ಎಂದು ಕೇಳುತ್ತಿದ್ದರು. ಕೇಳುತ್ತಿರಲಿಲ್ಲ ಎಂದಲ್ಲ. "ಮೊನ್ನೆಯಿಂದ" ಎನ್ನುತ್ತಿದ್ದರು ಜನ. ನಮ್ಮ ಮೊನ್ನೆ ಎಂತಹ ಮೊನ್ನೆಯೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ನಿನ್ನೆಯ ಹಿಂದಿನ ದಿನವೂ ಮೊನ್ನೆ, ಮೂರು ತಿಂಗಳ ಹಿಂದಿನ ಮದುವೆಯೂ ಮೊನ್ನೆ. ಔಷಧ ಬರೆಯುವ ಕೈ ಅದನ್ನು ಎರಡು ದಿನವೆಂದೇ ಓದಿಕೊಳ್ಳುತ್ತದೆ, ಸೀಸೆ ಬರುತ್ತದೆ. ನಾನು ಸ್ಟೂಲಿನ ಮೇಲಿಂದ ಪ್ರಶ್ನೆ ಬದಲಿಸಿದೆ. ಸಿದ್ಧಗಂಗೆ ಜಾತ್ರೆಗೆ ಹೋದಾಗ ಕೆಮ್ಮು ಇತ್ತೇ? ರಾಗಿ ಒಕ್ಕಣೆಯ ಹೊತ್ತಿಗೆ? "ಅಯ್ಯೋ, ಒಕ್ಕಣೆಗೆ ಮುಂಚೆಯೇ ಶುರುವಾಗಿತ್ತಮ್ಮ." ಎರಡು ತಿಂಗಳಲ್ಲಿ ಹೀಗೆ ಹತ್ತೊಂಬತ್ತು ಮಂದಿ ಸಿಕ್ಕರು. ಕಫದ ಡಬ್ಬಿ ಕೊಡಿಸಿದೆ. ಒಬ್ಬರಿಗೆ ಕ್ಷಯವಿರುವುದು ಗೊತ್ತಾಯಿತು. ಅವರೂ ಅದಕ್ಕೆ ಮೊದಲು ಮೂರು ಸಲ ಅದೇ ಕಿಟಕಿಯಲ್ಲಿ ಚೀಟಿ ಮಾಡಿಸಿದ್ದವರು.

ವರದಿಯಲ್ಲಿ ಯಾರನ್ನೂ ತೊಳೆಯಲಿಲ್ಲ. ಸಿಟ್ಟು ಹೋಗಿತ್ತು ಎಂದಲ್ಲ, ಅದನ್ನು ಯಾರ ಮೇಲೆ ಹಾಕಬೇಕೆಂಬುದು ಅಷ್ಟು ಸುಲಭವಾಗಿ ಉಳಿದಿರಲಿಲ್ಲ.

ಕೆಲಸ ಸಿಗುತ್ತದೆಯೇ ಎಂದು ಈಗ ನನ್ನನ್ನು ಕೇಳುವ ಪಿಯುಸಿ ಹುಡುಗ ಹುಡುಗಿಯರಿಗೆ ನೇರವಾಗಿ ಹೇಳುತ್ತೇನೆ. ಇಲಾಖೆಯ ಆರೋಗ್ಯ ನಿರೀಕ್ಷಣಾಧಿಕಾರಿ ಹುದ್ದೆಗೆ ಅದರದೇ ಡಿಪ್ಲೊಮಾ ಬೇಕು. ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಹುದ್ದೆಗೆ ಅದರದೇ ತರಬೇತಿ ಬೇಕು. ಅಧಿಕಾರಿಯಾಗುವುದಕ್ಕೆ ವೈದ್ಯರಾಗಿರಬೇಕು. ನಡುವೆ ನಿಂತ ನಮ್ಮ ಪದವಿಗೆ ಅದರದೇ ಆದ ಕುರ್ಚಿಯಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಎಲ್ಲ ರಾಜ್ಯಗಳಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ವೃಂದ ಬೇಕೆಂದು ಹೇಳಿತು. ಪಕ್ಕದ ಮದ್ರಾಸಿನಲ್ಲಿ 1939ರಲ್ಲಿಯೇ ಸಾರ್ವಜನಿಕ ಆರೋಗ್ಯ ಕಾಯ್ದೆ ಆಗಿತ್ತು. ನಮ್ಮ ತರಗತಿಯ ಇಪ್ಪತ್ತೆರಡರಲ್ಲಿ ಎಂಟು ಮಂದಿ ಸ್ನಾತಕೋತ್ತರಕ್ಕೆ ಹೋದರು, ಐದಾರು ಮಂದಿ ವಿಮೆ ಕಂಪನಿ ಮತ್ತು ಆಸ್ಪತ್ರೆಗಳ ಕಚೇರಿ ಸೇರಿದರು, ಇಬ್ಬರು ಬ್ಯಾಂಕ್ ಪರೀಕ್ಷೆ ಬರೆಯುತ್ತಿದ್ದಾರೆ. ಮೊದಲ ಆಯ್ಕೆಯಾಗಿ ಬರೆದು ಬಂದಿದ್ದವಳು ಮದುವೆಯಾಗಿ ದುಬೈನಲ್ಲಿದ್ದಾಳೆ. ನಾನು ತುಮಕೂರಿನಲ್ಲಿ ಒಂದು ಯೋಜನೆಯಡಿ ಗುತ್ತಿಗೆಯ ಮೇಲೆ ಇದ್ದೇನೆ, ಹನ್ನೊಂದು ತಿಂಗಳಿಗೊಮ್ಮೆ ನವೀಕರಣ. ದೊಡ್ಡಪ್ಪನ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ.

ಮಾವ ಗುಣವಾದ. ಆರು ತಿಂಗಳು ಮಾತ್ರೆ, ತಿಂಗಳಿಗೆ ಐನೂರು ರೂಪಾಯಿ ಪೋಷಣೆಯ ಹಣ. ನಡುವೆ ನಾಲ್ಕು ದಿನ ಮಾತ್ರೆ ಬಿಟ್ಟಿದ್ದ. ಮೂತ್ರ ಕೆಂಪಗೆ ಹೋಗುತ್ತಿದೆ, ರಕ್ತವೇ ಇರಬೇಕು ಎಂದು ಹೆದರಿದ್ದ. ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ. ಹಾಗಾಗುತ್ತದೆಂದು ಅವನಿಗೆ ಮೊದಲೇ ಒಂದು ಮಾತು ಹೇಳಿದ್ದರೆ ಆ ನಾಲ್ಕು ದಿನ ಉಳಿಯುತ್ತಿತ್ತು. ಹೇಳಿದವರು ಆಶಾ ಕಾರ್ಯಕರ್ತೆ, ಐದನೆಯ ದಿನ. ಈಗ ಮೊದಲಿನಷ್ಟು ಭಾರ ಎತ್ತುವುದಿಲ್ಲ, ತೂಕದ ಕಟ್ಟೆಯ ಹತ್ತಿರ ನಿಂತು ಎಣಿಸುವ ಕೆಲಸ ಮಾಡುತ್ತಾನೆ.

ಹೋದ ತಿಂಗಳು ಅಜ್ಜಿಯ ಮನೆಗೆ ಹೋದಾಗ, ಪಡಿತರ ಚೀಟಿ ಹುಡುಕುತ್ತ ಅವನು ತನ್ನ ಪ್ಲಾಸ್ಟಿಕ್ ಚೀಲವನ್ನು ಚಾಪೆಯ ಮೇಲೆ ಸುರಿದ. ಅದರಲ್ಲಿ 2018ರ ಆಸ್ಪತ್ರೆಯ ಚೀಟಿಗಳೆಲ್ಲ ಇದ್ದವು. ಒಂದನ್ನೂ ಬಿಸಾಡಿಲ್ಲ. ದಿನಾಂಕದ ಪ್ರಕಾರ ಜೋಡಿಸಿದೆ. ಒಂಬತ್ತು. ಮೊದಲನೆಯದು ಏಪ್ರಿಲ್ 11, ಕಫ ಪರೀಕ್ಷೆಗೆ ಬರೆದದ್ದು ಆಗಸ್ಟ್ 13. ಒಂಬತ್ತು ಚೀಟಿಗಳಲ್ಲಿ ಏಳರ ಮೇಲೆ ಸಿರಪ್ ಎಂದಿತ್ತು, ಗೂಡಿನಲ್ಲಿರುವ ಸೀಸೆಗಳ ಲೆಕ್ಕಕ್ಕೆ ಸರಿಯಾಗಿ. ಚೀಟಿಯೊಂದರ ಹಿಂಬದಿಯಲ್ಲಿ ಕೂಡಿ ಬರೆದೆ: 124 ದಿನ.

"ಏನು ಲೆಕ್ಕ ಹಾಕುತ್ತಿದ್ದೀಯಮ್ಮ?" ಎಂದ ಮಾವ.

"ನೀನು ಮೊದಲ ಸಲ ಹೋದದ್ದಕ್ಕೂ ಅವರು ಕಂಡುಹಿಡಿದದ್ದಕ್ಕೂ ನಡುವೆ ಎಷ್ಟು ದಿನವಾಯಿತು ಎಂದು."

ಅವನು ಬಗ್ಗಿ ನೋಡಿದ. ಬೆರಳಿನಿಂದ ಚೀಟಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದ, ಮೂಟೆ ಎಣಿಸುವ ಹಾಗೆಯೇ.

"ಬಸ್ ಚಾರ್ಜನ್ನೂ ಸೇರಿಸಿಕೊ" ಎಂದ. "ಆ ದಿನಗಳ ಕೂಲಿಯನ್ನೂ."